ಕೌಂಟಿಂಗ್ ದಿನ ಫಲಿತಾಂಶ ಓದುವುದು ಹೇಗೆ? ಲೀಡ್ ನೋಡುವ ಮೊದಲು ರೌಂಡ್ ನೋಡಿ

ನಮ್ಮೂರಲ್ಲಿ ಒಂದು ಸಲ ಕೌಂಟಿಂಗ್ ದಿನ ಬೆಳಿಗ್ಗೆ ಹನ್ನೊಂದಕ್ಕೇ ಪಟಾಕಿ ಹೊಡೆದುಬಿಟ್ಟಿದ್ದರು. ಟಿವಿಯಲ್ಲಿ ನಮ್ಮ ಕ್ಷೇತ್ರದ ಹೆಸರಿನ ಪಕ್ಕದಲ್ಲಿ ಒಬ್ಬರ ಫೋಟೋ ಹಾಕಿ ಗೆಲುವು ಅಂತ ತೋರಿಸಿದ್ದೇ ತಡ, ಹೂವಿನ ಹಾರ ಬಂತು, ತಮಟೆ ಬಂತು, ಮೆರವಣಿಗೆ ಬಸ್ ಸ್ಟ್ಯಾಂಡ್ ತನಕ ಹೋಯ್ತು. ಮಧ್ಯಾಹ್ನ ಮೂರಕ್ಕೆ ನಿಜವಾದ ಫಲಿತಾಂಶ ಬಂದಾಗ ಅದೇ ಅಭ್ಯರ್ಥಿ ಸೋತಿದ್ದರು. ಆ ಲೀಡ್ ನಂಬಿ ಬಾಜಿ ಕಟ್ಟಿದ್ದ ಪಕ್ಕದ ಮನೆಯ ಅಣ್ಣ ಎರಡು ಕುರಿ ಕಳೆದುಕೊಂಡರು. ಸಂಜೆ ಊರಲ್ಲಿ ಹೊಡೆದಾಟ ಆಗುವುದು ಸ್ವಲ್ಪದರಲ್ಲಿ ತಪ್ಪಿತು. ಆಗ ಎಷ್ಟು ಎಣಿಕೆ ಆಗಿತ್ತು ಗೊತ್ತಾ? ನಾಲ್ಕೇ ರೌಂಡ್. ಇನ್ನೂ ಹದಿನೈದು ಬಾಕಿ ಇತ್ತು.

ಆಮೇಲೆ 2023ರಲ್ಲಿ ನಾನೇ ಕೌಂಟಿಂಗ್ ಏಜೆಂಟ್ ಆಗಿ, ಅಂದರೆ ಅಭ್ಯರ್ಥಿಯೊಬ್ಬರ ಪರವಾಗಿ ಎಣಿಕೆ ನೋಡುವವನಾಗಿ, ಟೇಬಲ್ ಮುಂದೆ ಕೂತೆ. ಯಾರ ಪರ ಅನ್ನುವುದು ಇಲ್ಲಿ ಬೇಡ. ಆದರೆ ಒಳಗೆ ನೋಡಿದ ಮೇಲೆ ಒಂದು ವಿಷಯ ಮನಸ್ಸಿಗೆ ನಾಟಿತು. ಎಷ್ಟನೇ ರೌಂಡ್ ಅಂತ ಹೇಳದೆ ಬರೀ ಲೀಡ್ ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ. ಕರ್ನಾಟಕದ ಮುಂದಿನ ವಿಧಾನಸಭೆ ಚುನಾವಣೆ 2028ಕ್ಕೆ. ಅಷ್ಟರೊಳಗೆ ಇದನ್ನು ಕಲಿತಿಟ್ಟುಕೊಳ್ಳಿ, ಮನೆಯವರಿಗೂ ಹೇಳಿಕೊಡಿ.

ಹಿಂದಿನ ದಿನವೇ ಮಾಡಿಕೊಳ್ಳಬೇಕಾದ ಲೆಕ್ಕ

ಮೊದಲು ನಿಮ್ಮ ಕ್ಷೇತ್ರದಲ್ಲಿ ಎಷ್ಟು ಬೂತ್ ಇವೆ ಅಂತ ನೋಡಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟ್‌ನಲ್ಲಿ ಮತಗಟ್ಟೆಗಳ ಪಟ್ಟಿ ಕ್ಷೇತ್ರವಾರು ಸಿಗುತ್ತದೆ. 2023ರಲ್ಲಿ ಇಡೀ ರಾಜ್ಯದಲ್ಲಿ 58 ಸಾವಿರಕ್ಕೂ ಜಾಸ್ತಿ ಬೂತ್ ಇದ್ದವು. 224 ಕ್ಷೇತ್ರಕ್ಕೆ ಹಂಚಿದರೆ ಒಂದೊಂದಕ್ಕೆ ಸುಮಾರು 260. ಎಣಿಕೆ ಕೋಣೆಯಲ್ಲಿ ಸಾಮಾನ್ಯವಾಗಿ 14 ಟೇಬಲ್ ಹಾಕುತ್ತಾರೆ. ಒಂದು ರೌಂಡ್ ಅಂದರೆ 14 ಟೇಬಲ್‌ನಲ್ಲಿ 14 ಬೂತ್‌ನ ಮತಯಂತ್ರ ಎಣಿಸಿ ಮುಗಿಸುವುದು. 260 ಬೂತ್‌ಗೆ 19 ರೌಂಡ್ ಆಯ್ತು. ನಿಮ್ಮ ಕ್ಷೇತ್ರದ ಬೂತ್ ಸಂಖ್ಯೆಯನ್ನು 14ರಿಂದ ಭಾಗಿಸಿ, ಬಂದದ್ದನ್ನು ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಳ್ಳಿ.

ಈಗ ಅದಕ್ಕಿಂತ ಮುಖ್ಯವಾದದ್ದು. ಯಂತ್ರಗಳನ್ನು ಬೂತ್ ನಂಬರ್ ಪ್ರಕಾರವೇ ಟೇಬಲ್‌ಗೆ ತರುತ್ತಾರೆ. ಮೊದಲ ರೌಂಡ್‌ನಲ್ಲಿ 1ರಿಂದ 14, ಎರಡನೇದರಲ್ಲಿ 15ರಿಂದ 28, ಹೀಗೆ. ಬೂತ್ ನಂಬರ್ ಕ್ಷೇತ್ರದ ಒಂದು ಮೂಲೆಯಿಂದ ಶುರುವಾಗಿ ಊರಿಂದ ಊರಿಗೆ ಹೋಗಿ ಇನ್ನೊಂದು ಮೂಲೆಯಲ್ಲಿ ಮುಗಿಯುತ್ತದೆ. ಅಂದರೆ ಒಂದೊಂದು ರೌಂಡೂ ಒಂದೊಂದು ಹೋಬಳಿಯ ತುಂಡು. ಮೊದಲ ಐದು ರೌಂಡ್‌ನಲ್ಲಿ ಒಬ್ಬರು ಎಂಟು ಸಾವಿರ ಮುಂದಿದ್ದರೆ, ಅದು ಅವರ ತವರು ಹೋಬಳಿಯೇ ಇರಬಹುದು. ಎದುರಾಳಿಯ ಊರು ಹನ್ನೆರಡನೇ ರೌಂಡ್‌ಗೆ ಬರಬಹುದು. ಇದು ಗೊತ್ತಿದ್ದವರು ಎಂಟು ಸಾವಿರ ನೋಡಿ ಹೆದರುವುದಿಲ್ಲ, ಹಿಗ್ಗುವುದೂ ಇಲ್ಲ.

ನಾನು ಹೀಗೆ ಮಾಡುತ್ತೇನೆ. ಒಂದು ಹಾಳೆಯಲ್ಲಿ ರೌಂಡ್ ನಂಬರ್, ಅದರ ಎದುರು ಆ ಬೂತ್‌ಗಳಲ್ಲಿ ಬರುವ ಊರುಗಳು, ಅದರ ಪಕ್ಕ ಹೋದ ಸಲ ಅಲ್ಲಿ ಯಾರಿಗೆ ಜಾಸ್ತಿ ಬಂದಿತ್ತು ಅನ್ನುವುದು. ಅರ್ಧ ದಿನದ ಕೆಲಸ. ಟೀ ಅಂಗಡಿಯಲ್ಲಿ ನಾಲ್ಕು ಜನ ಕೂತು ಮಾಡಿದರೆ ಇನ್ನೂ ಬೇಗ ಆಗುತ್ತದೆ, ಯಾವ ಊರು ಎಲ್ಲಿ ಬರುತ್ತದೆ ಅನ್ನುವುದು ಹಿರಿಯರಿಗೆ ಬಾಯಲ್ಲೇ ಇರುತ್ತದೆ.

ಬೆಳಿಗ್ಗೆ ಎಂಟು ಗಂಟೆ

ಮತಯಂತ್ರಗಳನ್ನು ಬೀಗ ಹಾಕಿ ಇಟ್ಟಿರುವ ಸ್ಟ್ರಾಂಗ್ ರೂಂ ಬಾಗಿಲನ್ನು ಅಭ್ಯರ್ಥಿಗಳು ಅಥವಾ ಅವರ ಏಜೆಂಟರ ಎದುರೇ ತೆಗೆಯುತ್ತಾರೆ, ವಿಡಿಯೋ ಆಗುತ್ತದೆ. ಎಂಟಕ್ಕೆ ಅಂಚೆ ಮತ ಎಣಿಸಲು ಶುರು. ಎಂಟೂವರೆಗೆ ಮತಯಂತ್ರ. ಟಿವಿಯಲ್ಲಿ ಎಂಟೂ ಹತ್ತಕ್ಕೇ ಬರುವ ಮುನ್ನಡೆ ಬರೀ ಅಂಚೆ ಮತದ್ದು. ಅದರಲ್ಲಿ ಇರುವವರು ಸೇನೆಯಲ್ಲಿರುವವರು, ಚುನಾವಣೆ ಕೆಲಸಕ್ಕೆ ಹೋದ ನೌಕರರು, ಮನೆಯಿಂದಲೇ ವೋಟು ಹಾಕಿದ ಹಿರಿಯರು ಮತ್ತು ಅಂಗವಿಕಲರು. 2023ರಲ್ಲಿ 80 ವರ್ಷ ದಾಟಿದವರಿಗೆ ಈ ಅನುಕೂಲ ಇತ್ತು, 2024ರಲ್ಲಿ ಅದನ್ನು 85ಕ್ಕೆ ಏರಿಸಿದರು. ಇವರ ಮತ ನೋಡಿ ಇಡೀ ಕ್ಷೇತ್ರದ ಗಾಳಿ ಹೇಳಲು ಆಗುವುದಿಲ್ಲ. ಆದರೆ ಜಿದ್ದಾಜಿದ್ದಿ ಇರುವ ಕಡೆ ಕೊನೆಗೆ ಇವೇ ಹಣೆಬರಹ ಬರೆಯುತ್ತವೆ, ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ಒಂದು ಹೊಸ ನಿಯಮ ಇದೆ, ನೆನಪಿಡಿ. ಮೊದಲು ಅಂಚೆ ಮತ ಪೂರ್ತಿ ಮುಗಿಯದಿದ್ದರೂ ಯಂತ್ರದ ಎಣಿಕೆ ಕೊನೆಯ ತನಕ ಹೋಗಬಹುದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಚುನಾವಣಾ ಆಯೋಗ ಇದನ್ನು ಬದಲಾಯಿಸಿತು. ಈಗ ಅಂಚೆ ಮತ ಎಣಿಸಿ ಮುಗಿಯುವ ತನಕ ಕೊನೆಯ ರೌಂಡ್‌ಗಿಂತ ಹಿಂದಿನ ರೌಂಡ್ ಶುರು ಮಾಡುವಂತಿಲ್ಲ. ಹಾಗಾಗಿ ಕೊನೆಯಲ್ಲಿ ಎಣಿಕೆ ಸ್ವಲ್ಪ ಹೊತ್ತು ನಿಂತಂತೆ ಕಂಡರೆ ಏನೋ ಮೋಸ ನಡೀತಿದೆ ಅಂತ ವಾಟ್ಸಾಪ್‌ನಲ್ಲಿ ಹಬ್ಬಿಸಬೇಡಿ. ಮೊದಲು ಅಂಚೆ ಮತ ಮುಗಿದಿದೆಯಾ ಕೇಳಿ.

ಟೇಬಲ್ ಮೇಲೆ ಏನಾಗುತ್ತದೆ

ಇದನ್ನು ಹತ್ತಿರದಿಂದ ನೋಡಿದ್ದೇನೆ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಏಜೆಂಟರಿಗೂ ಟೇಬಲ್‌ಗೂ ನಡುವೆ ತಂತಿ ಜಾಲರಿ ಇರುತ್ತದೆ. ಫೋನ್ ಹೊರಗೇ ಕೊಟ್ಟು ಬರಬೇಕು. ಕೈಯಲ್ಲಿ ಪೆನ್ನು, ಹಾಳೆ ಅಷ್ಟೇ. ಸಿಬ್ಬಂದಿ ಕಂಟ್ರೋಲ್ ಯೂನಿಟ್ (ಮತಯಂತ್ರದಲ್ಲಿ ಮತ ದಾಖಲಾಗಿರುವ ಭಾಗ) ಇರುವ ಪೆಟ್ಟಿಗೆ ತಂದಿಟ್ಟು ಅದರ ನಂಬರ್ ತೋರಿಸುತ್ತಾರೆ, ಸೀಲ್ ತೋರಿಸುತ್ತಾರೆ. ಸೀಲ್ ಸರಿ ಇದೆಯಾ, ನಂಬರ್ ಹೊಂದುತ್ತದೆಯಾ ಅಂತ ನಾವು ಜಾಲರಿಗೆ ಮೂಗು ತಾಗಿಸಿ ನೋಡುತ್ತೇವೆ. ಆಮೇಲೆ ರಿಸಲ್ಟ್ ಬಟನ್ ಒತ್ತುತ್ತಾರೆ. ಬೀಪ್ ಅನ್ನುತ್ತದೆ. ಪುಟ್ಟ ಪರದೆಯ ಮೇಲೆ ಮೊದಲು ಎಷ್ಟು ಅಭ್ಯರ್ಥಿ, ಆಮೇಲೆ ಒಟ್ಟು ಎಷ್ಟು ಮತ, ಆಮೇಲೆ ಒಂದನೇ ಅಭ್ಯರ್ಥಿಗೆ ಇಷ್ಟು, ಎರಡನೇಯವರಿಗೆ ಇಷ್ಟು ಅಂತ ಒಂದೊಂದಾಗಿ ಬರುತ್ತದೆ. ಕೊನೆಗೆ ನೋಟಾ. ಮೇಲ್ವಿಚಾರಕರು ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ ನಮ್ಮ ಕಡೆ ತಿರುಗಿಸಿ ಹಿಡಿಯುತ್ತಾರೆ. ಯಾರಿಗಾದರೂ ಕಾಣಲಿಲ್ಲ ಅಂದರೆ ಇನ್ನೊಂದು ಸಲ ಒತ್ತಿ ಅಂತ ಕೇಳಬಹುದು, ಒತ್ತುತ್ತಾರೆ. ನಾನು ಎರಡು ಸಲ ಕೇಳಿದೆ. ಯಾರೂ ಮುಖ ಸಿಂಡರಿಸಲಿಲ್ಲ.

ಆ ಒಟ್ಟು ಮತ ಅನ್ನುವ ಅಂಕಿಯೇ ಏಜೆಂಟರಿಗೆ ಚಿನ್ನದಂಥದ್ದು. ಮತದಾನದ ದಿನ ಸಂಜೆ ಪ್ರತಿ ಬೂತ್‌ನಲ್ಲೂ ನಮೂನೆ 17ಸಿ ಅಂತ ಒಂದು ಹಾಳೆ ತುಂಬುತ್ತಾರೆ. ಈ ಬೂತ್‌ನಲ್ಲಿ ಇಷ್ಟು ಮತ ಬಿದ್ದಿದೆ ಅಂತ ಬರೆದು, ಅದರ ಪ್ರತಿಯನ್ನು ಅಲ್ಲಿ ಕೂತಿದ್ದ ಪಕ್ಷದ ಏಜೆಂಟರಿಗೆ ಕೊಡುತ್ತಾರೆ. ಎಣಿಕೆ ದಿನ ಆ ಪ್ರತಿ ಕೈಯಲ್ಲಿದ್ದರೆ ಯಂತ್ರದ ಅಂಕಿಯ ಜೊತೆ ತಾಳೆ ನೋಡಬಹುದು. ನಿಮ್ಮ ಪಕ್ಷ ಯಾವುದೇ ಇರಲಿ, ಸಂಜೆ ಆಯ್ತು ಅಂತ ಬೂತ್ ಏಜೆಂಟ್ 17ಸಿ ತಗೊಳ್ಳದೆ ಮನೆಗೆ ಹೋದರೆ ಅವರು ಕೆಲಸದ ಅರ್ಧ ಬಿಟ್ಟು ಹೋದ ಹಾಗೆ. ಎರಡು ಅಂಕಿ ಹೊಂದದಿದ್ದರೆ ಆ ಯಂತ್ರವನ್ನು ಪಕ್ಕಕ್ಕೆ ಇಡುತ್ತಾರೆ. ಕೊನೆಗೆ ಗೆಲುವಿನ ಅಂತರಕ್ಕಿಂತ ಅದರಲ್ಲಿರುವ ಮತ ಜಾಸ್ತಿ ಇದ್ದರೆ ವಿವಿಪ್ಯಾಟ್ ಚೀಟಿ, ಅಂದರೆ ವೋಟು ಹಾಕಿದಾಗ ಪಕ್ಕದ ಪೆಟ್ಟಿಗೆಗೆ ಬೀಳುವ ಕಾಗದದ ಚೀಟಿ ಎಣಿಸುತ್ತಾರೆ.

14 ಟೇಬಲ್‌ನದ್ದೂ ಮುಗಿದು, ಚುನಾವಣಾಧಿಕಾರಿ ಸಹಿ ಹಾಕಿದ ಮೇಲೆ ಆ ರೌಂಡ್ ಘೋಷಣೆ ಆಗುತ್ತದೆ, ಆಯೋಗದ ವೆಬ್‌ಸೈಟ್‌ಗೆ ಏರುತ್ತದೆ. ಟಿವಿಯವರಿಗೆ ಅವರವರ ಜನ ಹೊರಗಿನಿಂದ ಫೋನ್‌ನಲ್ಲಿ ಹೇಳುತ್ತಾರೆ. ಅದಕ್ಕೇ ಟಿವಿ ಮುಂದೆ, ವೆಬ್‌ಸೈಟ್ ಹಿಂದೆ. ನಾನು ಹೇಳುವುದಾದರೆ ವೆಬ್‌ಸೈಟೇ ನೋಡಿ. ಅದರಲ್ಲಿ ಕ್ಷೇತ್ರದ ಪುಟ ತೆಗೆದರೆ ರೌಂಡ್ 6/19 ಅಂತ ಸ್ಪಷ್ಟವಾಗಿ ಇರುತ್ತದೆ.

ಲೀಡ್ ತೂಗುವ ಲೆಕ್ಕ

ಒಂದು ಉದಾಹರಣೆ ಹಾಕೋಣ. ಒಟ್ಟು ಬಿದ್ದ ಮತ 1,70,000. ರೌಂಡ್ 19. ಅಂದರೆ ರೌಂಡ್‌ಗೆ ಸುಮಾರು 9,000 ಮತ. 12 ರೌಂಡ್ ಮುಗಿದಾಗ ಒಬ್ಬರು 6,000 ಮುಂದಿದ್ದಾರೆ. ಬಾಕಿ 7 ರೌಂಡ್, ಅಂದರೆ ಹತ್ತಿರ ಹತ್ತಿರ 63,000 ಮತ. ಹಿಂದಿರುವವರು ಗೆಲ್ಲಬೇಕಾದರೆ ಬಾಕಿ ಪ್ರತಿ ರೌಂಡ್‌ನಲ್ಲೂ 900ರಷ್ಟು ಮುಂದೆ ಬರಬೇಕು. ಈಗ ನಿಮ್ಮ ಹಾಳೆ ತೆಗೆಯಿರಿ. ಬಾಕಿ ಇರುವ ಊರುಗಳು ಯಾರವು? ಅವರದ್ದೇ ಹೋಬಳಿ ಆಗಿದ್ದರೆ 900 ದೊಡ್ಡ ಮಾತಲ್ಲ. ಪಟ್ಟಣದ ವಾರ್ಡ್‌ಗಳು ಬಾಕಿ ಇದ್ದು, ಅಲ್ಲಿ ಅವರು ಯಾವಾಗಲೂ ಹಿಂದೆ ಬೀಳುವವರಾಗಿದ್ದರೆ ಆಟ ಮುಗಿದ ಹಾಗೆ. ಅದೇ 6,000 ಲೀಡ್ 17ನೇ ರೌಂಡ್ ಮುಗಿದ ಮೇಲೆ ಬಂದಿದ್ದರೆ? ಬಾಕಿ 18,000 ಮತ, ರೌಂಡ್‌ಗೆ 3,000 ಮುಂದೆ ಬರಬೇಕು. ಆಗ ಹಾರ ತರಿಸಬಹುದು.

ರಾಜ್ಯದ ಮಟ್ಟದಲ್ಲೂ ಇದೇ ಪಾಠ. 2018ರ ಮೇ 15ರ ಬೆಳಿಗ್ಗೆ ಬಿಜೆಪಿ ಮುನ್ನಡೆ ಬಹುಮತ ದಾಟಿದ್ದನ್ನು ಎಲ್ಲರೂ ನೋಡಿದ್ದೇವೆ, ಸಂಭ್ರಮವೂ ಶುರುವಾಗಿತ್ತು. ಸಂಜೆಗೆ ನಿಂತದ್ದು 104ಕ್ಕೆ. ಮಧ್ಯಾಹ್ನದ ಹೊತ್ತಿಗೆ ಇಡೀ ರಾಜಕೀಯ ತಿರುಗಿ ಕಾಂಗ್ರೆಸ್ ಜೆಡಿಎಸ್‌ಗೆ ಬೆಂಬಲ ಘೋಷಿಸಿಯಾಗಿತ್ತು.

ಕೂದಲೆಳೆ ಅಂತರ ಬಂದಾಗ

2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ವೋಟು! ಕೃಷ್ಣಮೂರ್ತಿ ಅವರು ಮತ್ತೆ ಗೆದ್ದು ವಿಧಾನಸಭೆಗೆ ಬಂದದ್ದು 2023ರಲ್ಲಿ, ಕೊಳ್ಳೇಗಾಲದಿಂದ, ಕಾಂಗ್ರೆಸ್ ಟಿಕೆಟ್‌ನಲ್ಲಿ. ನಡುವೆ 19 ವರ್ಷ. ನನ್ನೊಬ್ಬನ ವೋಟಿಂದ ಏನಾಗುತ್ತದೆ ಅನ್ನುವವರಿಗೆ ನಾನು ಈ ಎರಡು ಅಂಕಿ ಮಾತ್ರ ಹೇಳುತ್ತೇನೆ.

2023ರಲ್ಲಿ ಬೆಂಗಳೂರಿನ ಜಯನಗರ. ಮೇ 13ರ ಸಂಜೆ ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ಗೆದ್ದರು ಅನ್ನುವ ಸುದ್ದಿ ಎಲ್ಲ ಕಡೆ ಓಡಿತ್ತು. ತಿರಸ್ಕೃತ ಅಂಚೆ ಮತಗಳ ಬಗ್ಗೆ ತಕರಾರು ಎದ್ದು, ಮರು ಎಣಿಕೆ ನಡೆದು, ರಾತ್ರಿ ಬಹಳ ಹೊತ್ತಾದ ಮೇಲೆ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರು ಅಂತ ಘೋಷಣೆ ಆಯ್ತು. ಅದೇ ಸಲ ಶೃಂಗೇರಿಯಲ್ಲಿ ಅಂತರ 201, ಮಾಲೂರಿನಲ್ಲಿ 248. ಮಾಲೂರಿನ ತಕರಾರು 2025ರಲ್ಲೂ ಕೋರ್ಟಿನಲ್ಲೇ ಇತ್ತು.

ಇಂಥ ಹೊತ್ತಲ್ಲಿ ಏನು ನಡೆಯುತ್ತದೆ ಅಂತ ಗೊತ್ತಿರಲಿ. ಅಂಚೆ ಮತದ ಜೊತೆ ಸಹಿ ಮಾಡಿದ ಘೋಷಣಾ ಪತ್ರ ಇಲ್ಲದಿದ್ದರೆ, ನಂಬರ್ ಹೊಂದದಿದ್ದರೆ ಅದು ತಿರಸ್ಕೃತ. ಗೆಲುವಿನ ಅಂತರ ಹೀಗೆ ತಿರಸ್ಕೃತವಾದ ಮತಗಳ ಸಂಖ್ಯೆಗಿಂತ ಕಡಿಮೆ ಇದ್ದರೆ, ಅವನ್ನೆಲ್ಲ ಮತ್ತೊಮ್ಮೆ ಪರಿಶೀಲಿಸಲೇಬೇಕು. ಯಾರೂ ಕೇಳದಿದ್ದರೂ ಮಾಡಬೇಕು. ಪ್ರತಿ ಕ್ಷೇತ್ರದಲ್ಲೂ ಚೀಟಿ ಎತ್ತಿ ಆರಿಸಿದ 5 ಬೂತ್‌ನ ವಿವಿಪ್ಯಾಟ್ ಚೀಟಿಗಳನ್ನು ಎಣಿಸಿ ಯಂತ್ರದ ಜೊತೆ ತಾಳೆ ನೋಡುತ್ತಾರೆ, ಇದು 2019ರ ಸುಪ್ರೀಂ ಕೋರ್ಟ್ ಆದೇಶ. ಮರು ಎಣಿಕೆ ಬೇಕಿದ್ದರೆ ಫಲಿತಾಂಶ ಘೋಷಣೆಗೆ ಮೊದಲೇ, ಕಾರಣ ಬರೆದು, ಚುನಾವಣಾಧಿಕಾರಿಗೆ ಅರ್ಜಿ ಕೊಡಬೇಕು. ಘೋಷಣೆ ಆಗಿಹೋದರೆ ಚುನಾವಣಾಧಿಕಾರಿ ಕೈಯಲ್ಲಿ ಏನೂ ಇರುವುದಿಲ್ಲ. ಆಮೇಲೆ ಹೈಕೋರ್ಟ್ ಒಂದೇ ದಾರಿ, ಅದೂ 45 ದಿನದೊಳಗೆ. ಹಾಗಾಗಿ ನೀವು ಏಜೆಂಟ್ ಆಗಿದ್ದರೆ ಕೊನೆಯ ರೌಂಡ್ ಹೊತ್ತಿಗೆ ಊಟಕ್ಕೆ ಅಂತ ಎದ್ದು ಹೋಗಲೇಬೇಡಿ. ಇಬ್ಬರಿಗೂ ಸಮ ಸಮ ಬಂದರೆ ಚೀಟಿ ಎತ್ತುತ್ತಾರೆ, ಚೀಟಿಯಲ್ಲಿ ಬಂದವರಿಗೆ ಒಂದು ಮತ ಜಾಸ್ತಿ ಅಂತ ಲೆಕ್ಕ.

ಸೀಟು ಬೇರೆ, ವೋಟು ಬೇರೆ

ರಾತ್ರಿ ಊಟ ಆದ ಮೇಲೆ ನೋಡಬೇಕಾದದ್ದು ಇದು. 2018ರಲ್ಲಿ ಬಿಜೆಪಿಗೆ ಸುಮಾರು 36% ಮತ, 104 ಸೀಟು. 2023ರಲ್ಲೂ 36% ಮತ. ಸೀಟು 66. ಮತ ಅಷ್ಟೇ ಇದ್ದರೂ 38 ಸೀಟು ಹೋಯ್ತು! ಕಾಂಗ್ರೆಸ್ 38%ರಿಂದ ಸುಮಾರು 43%ಗೆ ಏರಿ 135 ಸೀಟು ತಗೊಂಡಿತು. ಜೆಡಿಎಸ್ 18%ರಿಂದ 13%ಗೆ ಇಳಿದು 37ರಿಂದ 19 ಸೀಟಿಗೆ ಬಂತು. ಬರೀ ಈ ಅಂಕಿ ನೋಡಿದವರು ಜೆಡಿಎಸ್ ವೋಟು ಕಾಂಗ್ರೆಸ್‌ಗೆ ಹೋಯ್ತು, ಬಿಜೆಪಿ ವೋಟು ಅಲ್ಲೇ ಇದೆ ಅಂತ ಹೇಳಿಬಿಡುತ್ತಾರೆ. ಅದು ಅರ್ಧ ಮಾತ್ರ ಸರಿ.

ಜಿಲ್ಲೆ ಜಿಲ್ಲೆ ಬಿಡಿಸಿ ನೋಡಿ. ಮಂಡ್ಯದಲ್ಲಿ 7 ಕ್ಷೇತ್ರ. 2018ರಲ್ಲಿ ಏಳಕ್ಕೆ ಏಳೂ ಜೆಡಿಎಸ್. 2023ರಲ್ಲಿ ಕಾಂಗ್ರೆಸ್ 5, ಜೆಡಿಎಸ್ 1, ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ. ಹಳೇ ಮೈಸೂರು ಕಡೆ ಬಿಜೆಪಿಗೆ ಮತ ಸ್ವಲ್ಪ ಏರಿತು, ಆದರೆ ಗೆಲ್ಲುವಷ್ಟು ಏರಲಿಲ್ಲ. ಮೂರನೇ ಸ್ಥಾನದಲ್ಲಿ ಹತ್ತು ಸಾವಿರ ವೋಟು ಜಾಸ್ತಿ ಬಂದರೆ ರಾಜ್ಯದ ಶೇಕಡಾವಾರು ಏರುತ್ತದೆ, ಸೀಟು ಬರುವುದಿಲ್ಲ. ಅತ್ತ ಕಿತ್ತೂರು ಕರ್ನಾಟಕದ 50ರಲ್ಲಿ ಕಾಂಗ್ರೆಸ್ 33 ಗೆದ್ದಿತು, ಕಲ್ಯಾಣ ಕರ್ನಾಟಕದ 41ರಲ್ಲಿ 26. ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದು, ಕೊಡಗಿನ ಎರಡೂ ಕಾಂಗ್ರೆಸ್. ಕರಾವಳಿಯ 19ರಲ್ಲಿ ಮಾತ್ರ ಬಿಜೆಪಿ 13 ಉಳಿಸಿಕೊಂಡಿತು, ಉಡುಪಿ ಜಿಲ್ಲೆಯ ಐದೂ ಅವರದ್ದೇ. ಪರಿಶಿಷ್ಟ ಪಂಗಡಕ್ಕೆ ಮೀಸಲಾದ 15 ಕ್ಷೇತ್ರ ತೆಗೆದುಕೊಳ್ಳಿ. ಕಾಂಗ್ರೆಸ್ 14, ದೇವದುರ್ಗದಲ್ಲಿ ಜೆಡಿಎಸ್ 1, ಬಿಜೆಪಿಗೆ ಒಂದೂ ಇಲ್ಲ. ನನಗೆ ಈ ಒಂದು ಸಾಲು ಇಡೀ ಚುನಾವಣೆಯ ಬಗ್ಗೆ ಟಿವಿ ಚರ್ಚೆಗಳಿಗಿಂತ ಜಾಸ್ತಿ ಹೇಳಿತು.

ಜಾಸ್ತಿ ವೋಟು ತಗೊಂಡವರೇ ಜಾಸ್ತಿ ಸೀಟು ತಗೊಳ್ಳಬೇಕು ಅಂತಲೂ ಇಲ್ಲ. 2008ರಲ್ಲಿ ಬಿಜೆಪಿಗಿಂತ ಕಾಂಗ್ರೆಸ್‌ಗೆ ಶೇಕಡಾವಾರು ಮತ ಚೂರು ಮೇಲಿತ್ತು. ಸೀಟು ನೋಡಿದರೆ ಬಿಜೆಪಿ 110, ಕಾಂಗ್ರೆಸ್ 80. 2018ರಲ್ಲೂ ಹೀಗೇ. 2013ರಲ್ಲಿ ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿ ಅನ್ನುವ ಸ್ವಂತ ಪಕ್ಷ ಕಟ್ಟಿ ಹೊರಗೆ ನಿಂತರು. ಕೆಜೆಪಿ ಗೆದ್ದದ್ದು 6 ಸೀಟು, ಆದರೆ ಹತ್ತಿರ ಹತ್ತಿರ 10% ವೋಟು ತಗೊಂಡಿತು. ಬಿಜೆಪಿ 40ಕ್ಕೆ ಕುಸಿಯಿತು, ಕಾಂಗ್ರೆಸ್ 122 ಗೆದ್ದಿತು.

ಅದಕ್ಕೇ ನಿಮ್ಮ ಕ್ಷೇತ್ರದಲ್ಲಿ ಗೆದ್ದವರು, ಸೋತವರು ಇಬ್ಬರನ್ನೇ ನೋಡಬೇಡಿ, ಮೂರನೆಯವರನ್ನೂ ನೋಡಿ. 2023ರ ಪುತ್ತೂರು ಇದಕ್ಕೆ ಒಳ್ಳೆಯ ಉದಾಹರಣೆ. ಕಾಂಗ್ರೆಸ್‌ನ ಅಶೋಕ್ ಕುಮಾರ್ ರೈ ಗೆದ್ದರು. ಎರಡನೇ ಸ್ಥಾನ ಬಂದದ್ದು ಬಿಜೆಪಿಗೆ ಅಲ್ಲ, ಬಂಡಾಯವಾಗಿ ಪಕ್ಷೇತರರಾಗಿ ನಿಂತ ಅರುಣ್ ಕುಮಾರ್ ಪುತ್ತಿಲ ಅವರಿಗೆ. ಅಂತರ ನಾಲ್ಕು ಸಾವಿರ ಚಿಲ್ಲರೆ. ಬಿಜೆಪಿ ಅಭ್ಯರ್ಥಿಗೆ ಬಂದದ್ದು 37 ಸಾವಿರಕ್ಕೂ ಜಾಸ್ತಿ. ಟಿವಿಯ ಪಟ್ಟಿಯಲ್ಲಿ ಇದು ಕಾಂಗ್ರೆಸ್ 1 ಅಂತ ಅಷ್ಟೇ ಸೇರಿಹೋಯ್ತು.

ಠೇವಣಿ ಬಗ್ಗೆ ಎರಡು ಮಾತು. ವಿಧಾನಸಭೆಗೆ ಸಾಮಾನ್ಯ ಅಭ್ಯರ್ಥಿ 10,000 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರು 5,000 ಕಟ್ಟಬೇಕು. ಸಿಂಧು (ಲೆಕ್ಕಕ್ಕೆ ಮಾನ್ಯವಾದ) ಮತದ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬರದಿದ್ದರೆ ಠೇವಣಿ ಹೋಯ್ತು. ನೋಟಾ ಈ ಲೆಕ್ಕಕ್ಕೆ ಸೇರುವುದಿಲ್ಲ. ನೋಟಾಗೆ ಎಷ್ಟೇ ಬಂದರೂ, ಉಳಿದವರಲ್ಲಿ ಯಾರಿಗೆ ಜಾಸ್ತಿಯೋ ಅವರೇ ಶಾಸಕರು.

ಬಹುಮತ 113 ಅಂತ ಬಾಯಿಪಾಠ ಆಗಿದೆ ಅಲ್ವಾ, ಆದರೆ ಅದು 224ಕ್ಕೂ ಚುನಾವಣೆ ನಡೆದಾಗ. 2018ರ ಮೇನಲ್ಲಿ ಜಯನಗರ ಮತ್ತು ರಾಜರಾಜೇಶ್ವರಿನಗರ ಮುಂದೂಡಿಕೆ ಆಗಿ 222ಕ್ಕೆ ಮತದಾನ ಆಯ್ತು, ಬೇಕಿದ್ದದ್ದು 112. ಯಡಿಯೂರಪ್ಪ ಮೇ 17ಕ್ಕೆ ಪ್ರಮಾಣ ವಚನ ತಗೊಂಡು, ಸಂಖ್ಯೆ ಸೇರದೆ 19ಕ್ಕೆ ರಾಜೀನಾಮೆ ಕೊಟ್ಟರು. 23ಕ್ಕೆ ಕುಮಾರಸ್ವಾಮಿ ಮುಖ್ಯಮಂತ್ರಿ. ಮರು ವರ್ಷ ಶಾಸಕರ ರಾಜೀನಾಮೆಯಿಂದ ಆ ಸರ್ಕಾರವೂ ಬಿತ್ತು. ಹಳೇ ಪಟ್ಟಿ ಹಿಡಿದು ಇವತ್ತಿನ ಬಲಾಬಲ ಹೇಳಬೇಡಿ, ನಡುವೆ ಬಂದ ಉಪಚುನಾವಣೆಗಳನ್ನೂ ಸೇರಿಸಿ. 2024ರ ನವೆಂಬರ್‌ನಲ್ಲಿ ಚನ್ನಪಟ್ಟಣ, ಶಿಗ್ಗಾಂವಿ, ಸಂಡೂರು ಮೂರೂ ಕಾಂಗ್ರೆಸ್‌ಗೆ ಬಂದವು.

ಒಂದು ತಿಂಗಳು ಬಿಟ್ಟು ಮಾಡುವ ಕೆಲಸ

ಪಟಾಕಿ ಸದ್ದು ಅಡಗಿದ ಮೇಲೆ ನಮೂನೆ 20 ಹುಡುಕಿ. ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟ್‌ನಲ್ಲಿ ಕ್ಷೇತ್ರವಾರು ಹಾಕುತ್ತಾರೆ. ಪ್ರತಿ ಬೂತ್‌ಗೆ ಒಂದು ಸಾಲು, ಪ್ರತಿ ಅಭ್ಯರ್ಥಿಗೆ ಒಂದು ಕಾಲಂ. ನಿಮ್ಮ ಬೀದಿ ಯಾರಿಗೆ ವೋಟು ಹಾಕಿತು ಅನ್ನುವುದು ಅಲ್ಲಿ ಅಂಕಿಯಲ್ಲೇ ಇರುತ್ತದೆ. 17ಸಿ ಪ್ರತಿ ಇಟ್ಟುಕೊಂಡಿದ್ದರೆ ಒಟ್ಟು ಮತ ಹೊಂದುತ್ತದೆಯಾ ಅಂತ ಇನ್ನೊಂದು ಸಲ ನೋಡಿ. ಹೋದ ಚುನಾವಣೆಯ ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ, ಆದರೆ ಬೂತ್ ನಂಬರ್ ಬದಲಾಗಿರಬಹುದು, ಊರಿನ ಹೆಸರು ನೋಡಿಯೇ ಹೋಲಿಸಿ.

ನಮ್ಮೂರಿನ ಎರಡು ಬೂತ್ ಒಂದೇ ಸರ್ಕಾರಿ ಶಾಲೆಯಲ್ಲಿವೆ, ಎಡಗಡೆ ಕೋಣೆ ಒಂದು, ಬಲಗಡೆ ಕೋಣೆ ಒಂದು. ನಡುವೆ ಒಂದು ಗೋಡೆ. 2018ರಲ್ಲಿ ಎರಡೂ ಒಬ್ಬರನ್ನೇ ಗೆಲ್ಲಿಸಿದ್ದವು. 2023ರಲ್ಲಿ ಎಡಗಡೆಯದು ಅವರನ್ನೇ ಉಳಿಸಿಕೊಂಡಿತು, ಬಲಗಡೆಯದು ಪೂರ್ತಿ ಕೈಬಿಟ್ಟಿತು. ಊರವರೆಲ್ಲ ದುಡ್ಡು ಹಂಚಿದ್ದಕ್ಕೆ ಹೀಗಾಯ್ತು ಅಂತ ಮಾತಾಡಿಕೊಂಡರು. ನಾನು ಮತದಾರರ ಪಟ್ಟಿ ತೆಗೆದು ಬಲಗಡೆ ಕೋಣೆಗೆ ಯಾವ ಬೀದಿಗಳು ಬರುತ್ತವೆ ಅಂತ ನೋಡಿದೆ. ಕೆರೆ ಏರಿ ಆಚೆಯ ಮೂರು ಬೀದಿ. ಎರಡು ವರ್ಷದಿಂದ ನಲ್ಲಿಯಲ್ಲಿ ನೀರು ಬಾರದೆ, ಹೆಂಗಸರು ಬೆಳಿಗ್ಗೆ ಐದಕ್ಕೆ ಎದ್ದು ಕೊಡ ಹಿಡಿದು ನಮ್ಮ ಬೀದಿಗೆ ಬರುತ್ತಿದ್ದದ್ದು ಆ ಮೂರು ಬೀದಿಯಿಂದಲೇ.

ನಿಮ್ಮ ಬೂತ್ ನಂಬರ್ ವೋಟರ್ ಸ್ಲಿಪ್ ಮೇಲೆ ಇರುತ್ತದೆ. ಅದನ್ನು ಎಸೆಯದೆ ಇಟ್ಟುಕೊಳ್ಳಿ, ನಮೂನೆ 20ರಲ್ಲಿ ಮೊದಲು ಆ ಸಾಲನ್ನೇ ಹುಡುಕಿ.